ಜವನಗೊಂಡನಹಳ್ಳಿಗೆ ಡೇಟಾ ಬೇಡವೆಂದು ಬರೆದದ್ದು

ನಿವೃತ್ತನಾದ ಕೆಲವು ತಿಂಗಳಿಗೆ ಚಿತ್ರದುರ್ಗದ ಒಂದು ತರಬೇತಿ ಕೇಂದ್ರದವರು ನನ್ನನ್ನು ಕರೆದು, ಮೊಬೈಲ್ ಟವರ್ ಕೆಲಸಕ್ಕೆ ಸೇರಲಿರುವ ಹುಡುಗ ಹುಡುಗಿಯರ ಮುಂದೆ ನಿಲ್ಲಿಸಿದರು. ಕೊರಳಿಗೆ ಹಾರ ಹಾಕಿ, ‘ನಮ್ಮ ಹಳ್ಳಿಗಳಿಗೆ ಮೊಬೈಲ್ ತಂದ ತಿಪ್ಪೇಸ್ವಾಮಿಯವರು’ ಎಂದು ಪರಿಚಯಿಸಿದರು. ನಾನು ತಂದದ್ದು ಟವರಿಗೆ ಬೇಕಾದ ನಟ್ಟು ಬೋಲ್ಟು ಮಾತ್ರ, ಅದೂ ಕೆಲವು ಸಲ ಅಳತೆ ತಪ್ಪಿ. ಆದರೂ ಹಾರ ಕೊರಳಲ್ಲಿರುವಾಗ ತಿದ್ದುಪಡಿ ಹೇಳಲು ಮನಸ್ಸಾಗಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ನೀವು ಮಾಡಿದ ಅತಿ ದೊಡ್ಡ ತಪ್ಪು ಯಾವುದು?’ ಎಂದು ಕೇಳಿದಳು. ನಾನು ನೀರು ಕುಡಿದೆ. ಗಡಿಯಾರ ನೋಡಿದೆ. ‘ಸಮಯ ಆಯ್ತಲ್ಲ’ ಎಂದೆ.

ಹೊಳಲ್ಕೆರೆಯ ಬಸ್ಸು ಹತ್ತಿ ಕೂತ ಮೇಲೆ ನಾಚಿಕೆಯಾಯಿತು. ಅಲ್ಲಿ ಹೇಳಿದ ಮುಕ್ಕಾಲು ಗಂಟೆಯ ಮಾತಿಗಿಂತ ಆ ಪ್ರಶ್ನೆಯ ಉತ್ತರವೇ ಆ ಮಕ್ಕಳಿಗೆ ಹೆಚ್ಚು ಬೇಕಾದದ್ದು. ಅದನ್ನು ಇಲ್ಲಿ ಬರೆಯುತ್ತೇನೆ. ಬಡ್ತಿ, ಪ್ರಶಸ್ತಿಪತ್ರಗಳ ಸುದ್ದಿ ಇದರಲ್ಲಿ ಇಲ್ಲ. ಇದ್ದವೂ ಹೆಚ್ಚೇನಲ್ಲ.

ತೊಂಬತ್ತರ ದಶಕದಲ್ಲಿ ಹೊಳಲ್ಕೆರೆಯಲ್ಲಿ ನನ್ನದೊಂದು ಟಿ.ವಿ. ರಿಪೇರಿ ಅಂಗಡಿಯಿತ್ತು. ರಿಪೇರಿಗಿಂತ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವ ಕೆಲಸವೇ ಹೆಚ್ಚು. ಮೇಲಿಂದ ನಾನು ‘ಬಂತಾ?’ ಎಂದು ಕೂಗುವುದು, ಒಳಗಿನಿಂದ ‘ಬಂತು... ಹೋಯ್ತು... ಹಾಂ, ಅಲ್ಲೇ ಇರ್ಲಿ, ಕೈ ಬಿಡಬ್ಯಾಡ್ರಿ’ ಎಂದು ಉತ್ತರ ಬರುವುದು. ಒಂದು ಮನೆಯಲ್ಲಿ ಕ್ರಿಕೆಟ್ ಪಂದ್ಯದ ದಿನ ಆಂಟೆನಾವನ್ನು ನಾನು ಕೈಯಲ್ಲಿ ಹಿಡಿದಿದ್ದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಮನೆಯವರು ಮಾಳಿಗೆಗೇ ಟೀ ಕಳಿಸಿ, ಆಟ ಮುಗಿಯುವವರೆಗೆ ನನ್ನನ್ನು ಅಲ್ಲೇ ನಿಲ್ಲಿಸಿಕೊಂಡರು. ಯಾರು ಗೆದ್ದರೆಂಬುದು ನನಗೆ ಕೆಳಗಿಳಿದ ಮೇಲೆ ತಿಳಿಯಿತು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಂದು ಮೊಬೈಲ್ ಕಂಪನಿ ನಮ್ಮ ಕಡೆ ಟವರ್ ಹಾಕಲು ಬಂತು. ಕಂಪನಿಯ ಹೆಸರು ಬೇಡ, ತಪ್ಪುಗಳು ನನ್ನವು. ಸಂದರ್ಶನ ಮಾಡಿದವರು ಎಂಜಿನಿಯರ್ ವಸುಂಧರಾ ಮೇಡಂ. ಮುಂದೆ ಬಹಳ ವರ್ಷ ನನಗೆ ಮೇಲಧಿಕಾರಿಯಾಗಿದ್ದವರು. ಕಡಿಮೆ ಮಾತಿನವರು, ಓದುವಾಗ ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟುವವರು.

‘ಎತ್ತರ ಹತ್ತೋಕೆ ಭಯ ಇದೆಯಾ?’ ಎಂದರು.

‘ಇಲ್ಲ ಮೇಡಂ.’

‘ಓದೋಕೆ?’

‘ಅದು ಸ್ವಲ್ಪ ಐತೆ.’

ಪೆನ್ನು ಎರಡು ಸಲ ಕುಟ್ಟಿತು. ಕೆಲಸ ಸಿಕ್ಕಿತು.

ಟವರ್ ಕೆಲಸದಲ್ಲಿ ನನ್ನ ಮೊದಲ ಕೀರ್ತಿ ತುರುವನೂರಿನಲ್ಲಿ ಹುಟ್ಟಿತು. ಒಂದು ಟವರಿನ ಮೇಲೆ ಮೂರು ದಿಕ್ಕಿಗೆ ಮೂರು ಆಂಟೆನಾಗಳಿರುತ್ತವೆ. ಪ್ರತಿಯೊಂದಕ್ಕೂ ಕೆಳಗಿನ ಪೆಟ್ಟಿಗೆಯಿಂದ ಬೇರೆ ಬೇರೆ ಕೇಬಲ್. ಯಾವ ಆಂಟೆನಾದ ವ್ಯಾಪ್ತಿಯಲ್ಲಿದ್ದೇವೆ ಎಂಬುದು ಆಗಿನ ಫೋನುಗಳ ಪರದೆಯ ಮೇಲೆ ಊರಿನ ಹೆಸರು, ದಿಕ್ಕಿನ ಸಮೇತ ಕಾಣುತ್ತಿತ್ತು. ಟವರ್ ಶುರುವಾದ ವಾರದಿಂದಲೇ ಊರಿನವರದು ಒಂದೇ ದೂರು: ಮಾತಾಡುತ್ತಾ ಬೀದಿಯ ಈ ತುದಿಯಿಂದ ಆ ತುದಿಗೆ ಹೋದರೆ ಕರೆ ಕಡಿದುಹೋಗುತ್ತದೆ. ‘ಹ್ಯಾಂಡ್‌ಸೆಟ್ ಸರಿಯಿಲ್ಲ’ ಎಂದು ನಾನು ಎರಡು ತಿಂಗಳು ಹೇಳಿದೆ. ನನ್ನ ಮಾತು ನಂಬಿ ಇಬ್ಬರು ಹೊಸ ಫೋನು ಕೊಂಡರು.

ಒಂದು ಬೆಳಿಗ್ಗೆ ಹಾಲಿನ ಡೈರಿಯ ಜಯಮ್ಮ ನನ್ನನ್ನು ತಡೆದು ನಿಲ್ಲಿಸಿದರು.

‘ಸಾರ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮೂರಲ್ಲಿ ಸೂರ್ಯ ಯಾವ ಕಡೆ ಹುಟ್ತಾನೆ?’

‘ಪೂರ್ವಕ್ಕೆ.’

‘ನಾನೂ ಹಂಗೇ ಅನ್ಕಂಡಿದ್ದೆ. ಈಗ ಸೂರ್ಯ ಹುಟ್ಟೋ ಕಡೇನೇ ನಿಂತೀವಿ. ಫೋನಲ್ಲಿ ಪಶ್ಚಿಮ ಅಂತ ಐತಲ್ಲ ಸಾರ್?’

ಫೋನು ನೋಡಿದೆ, ಸೂರ್ಯನನ್ನು ನೋಡಿದೆ. ಎರಡು ಕೇಬಲ್‌ಗಳನ್ನು ನಾನೇ ಅದಲು ಬದಲು ಜೋಡಿಸಿದ್ದೆ. ಕಂಪ್ಯೂಟರ್ ತೊಂದರೆ ಎಂದು ಏನೋ ಗೊಣಗಿ, ಮೇಲೆ ಹತ್ತಿ ಸರಿಮಾಡಿ ಇಳಿದೆ. ವರದಿಯಲ್ಲಿ ‘ತಾಂತ್ರಿಕ ಹೊಂದಾಣಿಕೆ ಪೂರ್ಣಗೊಂಡಿದೆ’ ಎಂದು ಬರೆದೆ. ವಸುಂಧರಾ ಮೇಡಂ ಅದನ್ನು ಓದಿ, ‘ಹೊಂದಾಣಿಕೆ ಯಾರ ಜೊತೆ, ಸೂರ್ಯನ ಜೊತೆನಾ?’ ಎಂದರು. ಜಯಮ್ಮ ನನಗಿಂತ ಮೊದಲೇ ಅವರಿಗೆ ಫೋನು ಮಾಡಿದ್ದರು.

ಇಂಥ ಮನುಷ್ಯನ ಕೈಗೆ ಕೆಲವು ವರ್ಷಗಳ ಮೇಲೆ ಡೇಟಾ ಬಂತು.

ಮೊದಲ ಸಲ ಅದನ್ನು ತೋರಿಸಲು ಚಿತ್ರದುರ್ಗದ ಕಚೇರಿಯಲ್ಲಿ ನಮ್ಮನ್ನೆಲ್ಲ ಒಂದು ಸಣ್ಣ ಫೋನಿನ ಸುತ್ತ ನಿಲ್ಲಿಸಿದ್ದರು. ಯಾವುದೋ ಹೂವಿನ ಫೋಟೊ ತರಿಸುವ ಪ್ರಯೋಗ. ಮೊದಲು ಆಕಾಶ ಬಂತು. ಬಹಳ ಹೊತ್ತು ಆಕಾಶವೇ ಇತ್ತು. ಆಮೇಲೆ ಒಂದೆರಡು ಎಸಳು. ನಾವು ಹೋಗಿ ಟೀ ಕುಡಿದು ಬಂದಾಗ ತೊಟ್ಟು ಇನ್ನೂ ಬಂದಿರಲಿಲ್ಲ. ಇದು ಹಳ್ಳಿಗಳಲ್ಲಿ ನಡೆಯುವ ಬಾಬತ್ತಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಬೇರೆಯವರೂ ಹಾಗೆ ಅಂದುಕೊಂಡಿರಬಹುದು. ಆದರೆ ಅದನ್ನು ಬರೆದು ಸಹಿ ಹಾಕಿಕೊಟ್ಟವನು ನಾನೊಬ್ಬನೇ.

ಅದು ಹೀಗಾಯಿತು. ಆಗಿನ ಟವರುಗಳಲ್ಲಿ ಏಕಕಾಲಕ್ಕೆ ಇಂತಿಷ್ಟೇ ಜನ ಮಾತಾಡಬಹುದಿತ್ತು. ಬಸ್ಸಿನ ಸೀಟಿನ ಹಾಗೆ ಎಂದುಕೊಳ್ಳಿ. ಅದರಲ್ಲಿ ಒಂದೆರಡು ಸೀಟು ಡೇಟಾಗೆ ಮೀಸಲು, ಉಳಿದದ್ದು ಮಾತಿಗೆ. ಸಂಜೆಯಾದರೆ ಹಳ್ಳಿಗಳಲ್ಲಿ ಮಾತಿನ ಸೀಟು ಸಾಲುತ್ತಿರಲಿಲ್ಲ, ಕರೆ ಹೋಗುತ್ತಿರಲಿಲ್ಲ. ಡೇಟಾ ಬಳಸುವವರಿಲ್ಲದ ಕಡೆ ಆ ಸೀಟನ್ನೂ ಮಾತಿಗೇ ಕೊಡಬಹುದೇ ಎಂದು ಮೇಡಂ ಯೋಚಿಸಿದರು. ಹಿರಿಯೂರಿನ ಸುತ್ತಲಿನ ಹದಿನಾಲ್ಕು ಊರುಗಳ ಪಟ್ಟಿ ಕೊಟ್ಟು, ‘ಪ್ರತಿ ಊರಿಗೆ ಹೋಗಿ. ಜನರನ್ನು ಕೇಳಿ. ಡೇಟಾ ಯಾರು ಬಳಸುತ್ತಾರೆ, ಯಾತಕ್ಕೆ ಬಳಸುತ್ತಾರೆ ಅಂತ ಬರೆದು ತನ್ನಿ’ ಎಂದರು.

ನಾನು ಹಿರಿಯೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನವರೆಗೆ ಹೋದೆ. ಬಿಸಿಲು ಜೋರಿತ್ತು. ಒಂದು ಪ್ಲೇಟು ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು, ಹದಿನಾಲ್ಕೂ ಊರಿನ ಫಾರಂಗಳನ್ನು ಅಲ್ಲೇ ತುಂಬಿದೆ. ಎಲ್ಲ ಒಂದೇ ಥರ ಇದ್ದರೆ ಅನುಮಾನ ಬರುತ್ತದೆಂದು ವಾಕ್ಯಗಳನ್ನು ಬದಲಾಯಿಸಿದೆ. ಜವನಗೊಂಡನಹಳ್ಳಿಗೆ ಬರೆದದ್ದು ನನಗೇ ಬಹಳ ಹಿಡಿಸಿತು: ‘ಇಲ್ಲಿನ ಜನ ಫೋನನ್ನು ಮಾತಾಡುವುದಕ್ಕೆ ಮಾತ್ರ ಬಳಸುತ್ತಾರೆ. ಡೇಟಾ ಅಗತ್ಯವಿಲ್ಲ.’

ಮುಂದಿನ ವಾರ ಆ ಸೀಟುಗಳು ಮಾತಿಗೆ ಹೋದವು. ಸಂಜೆಯ ಕರೆಗಳು ಸಲೀಸಾದವು. ಮೀಟಿಂಗಿನಲ್ಲಿ ನನ್ನ ಸಮೀಕ್ಷೆಯನ್ನು ಎಲ್ಲರೆದುರು ಮೆಚ್ಚಿದರು. ನಾನು ತಲೆ ತಗ್ಗಿಸಿ ಕೂತೆ. ನೋಡಿದವರು ವಿನಯ ಅಂದುಕೊಂಡರು.

ಡೇಟಾ ನಿಂತ ನಾಲ್ಕು ದಿನದ ಮೇಲೆ ಜವನಗೊಂಡನಹಳ್ಳಿಯ ಟವರಿನ ಬಳಿ ಕೆಲಸ ಮಾಡುತ್ತಿದ್ದಾಗ ಮೂವತ್ತರ ಆಸುಪಾಸಿನ ಒಬ್ಬರು ಬಂದು ಬೇಲಿಯ ಆಚೆ ನಿಂತರು. ಕೊರಳಲ್ಲಿ ಅಳತೆಯ ಟೇಪು. ಫೋನು ಮುಂದೆ ಚಾಚಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ‘ಏನಾಗಿದೆ?’ ಎಂದೆ. ಮತ್ತೆ ಬೆರಳಿಟ್ಟು ತೋರಿಸಿದರು. ‘ಏನಾಗಿದೆ ಅಂತ ಹೇಳ್ರಿ!’ ಎಂದು ಜೋರಾಗಿ ಕೂಗಿದೆ. ಅವರು ಕಿವಿ ಮುಟ್ಟಿಕೊಂಡು ತಲೆಯಾಡಿಸಿದರು. ಜನರೇಟರ್ ಸದ್ದಿಗೆ ಕೇಳಿಸುತ್ತಿಲ್ಲವೆಂದು ಇನ್ನೂ ಜೋರಾಗಿ ಕೂಗಿದೆ. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡತೊಡಗಿದ್ದರು. ಬೇಸರವಾಗಿ ಫೋನು ಇಸಿದುಕೊಂಡೆ. ಏನೂ ತೋಚದಾಗ ನಾವು ಮಾಡುತ್ತಿದ್ದ ಒಂದು ಕೆಲಸವಿತ್ತು: ಎಲ್ಲವನ್ನೂ ಅಳಿಸಿ ಫೋನನ್ನು ಹೊಸದರಂತೆ ಮಾಡುವುದು. ಮಾಡಿದೆ. ಹೆಬ್ಬೆರಳೆತ್ತಿ ‘ಸರಿಹೋಯ್ತು’ ಎಂದು ವಾಪಸು ಕೊಟ್ಟೆ. ಅವರು ಪರದೆ ನೋಡಿದರು, ಗುಂಡಿಗಳನ್ನು ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ನನ್ನನ್ನು ನೋಡಿದ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ. ನಾನು ಜೀಪು ಹತ್ತಿ ಹೊರಟೆ.

ಎರಡನೆಯ ಸಲ ಅವರು ಹಿರಿಯೂರಿನ ನಮ್ಮ ಗ್ರಾಹಕ ಕೇಂದ್ರಕ್ಕೇ ಬಂದರು. ‘ಹ್ಯಾಂಡ್‌ಸೆಟ್ ಸರಿಯಿಲ್ಲ’ ಎಂದು ಎಲ್ಲರಿಗೂ ಕೊಡುವ ದೂರಿನ ಚೀಟಿಯ ಮೇಲೆ ಬರೆದು ಕೊಟ್ಟು ಕಳಿಸಿದೆ.

ಮೂರನೆಯ ಸಲ, ಒಂದು ಶನಿವಾರ, ಜೊತೆಯಲ್ಲಿ ಒಬ್ಬ ಹೆಂಗಸು ಇದ್ದರು. ಆ ಹೊತ್ತಿಗೆ ಡೇಟಾ ನಿಂತು ಮೂರು ವಾರವಾಗಿತ್ತು. ನಾನು ಅಭ್ಯಾಸದಂತೆ ಏರುದನಿಯಲ್ಲಿ ಶುರುಮಾಡಿದೆ. ಆಕೆ ಕೈಯೆತ್ತಿ ತಡೆದರು.

‘ಸಾರ್, ಇವನು ನನ್ನ ತಮ್ಮ ಓಬಳೇಶ. ಹುಟ್ಟಿದಾಗ್ಲಿಂದ ಕಿವಿ ಕೇಳ್ಸಲ್ಲ. ನೀವು ಎಷ್ಟು ಕೂಗಿದ್ರೂ ಅವನಿಗೆ ಕೇಳ್ಸಲ್ಲ. ನಾನು ಮೆತ್ತಗೆ ಹೇಳಿದ್ರೆ ನಿಮಗೆ ಕೇಳ್ತೈತಾ?’

ಕೂತುಕೊಂಡೆ. ಅವರ ಹೆಸರು ಶಾರದಮ್ಮ. ಅಕ್ಕ ತಮ್ಮ ಸೇರಿ ಜವನಗೊಂಡನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದರು. ಓಬಳೇಶ ಬೇರೆ ಊರಿನ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದವರು. ಅಲ್ಲಿನ ಗೆಳೆಯರು ಎಲ್ಲೆಲ್ಲೋ ಚದುರಿಹೋಗಿದ್ದರು. ಫೋನಿನಲ್ಲಿ ಅಕ್ಷರದಲ್ಲೇ ಹರಟೆ ಹೊಡೆಯುವ ಚಾಟ್ ಬಂದ ಮೇಲೆ ಅವರೆಲ್ಲ ಪ್ರತಿದಿನ ಮತ್ತೆ ಒಂದೆಡೆ ಸೇರುತ್ತಿದ್ದರು. ಅಲ್ಲೇ ಓಬಳೇಶನಿಗೆ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ನಾಗವೇಣಿಯ ಪರಿಚಯವಾಗಿತ್ತು. ಆಕೆಗೂ ಕಿವಿ ಕೇಳಿಸದು. ಅಣ್ಣನ ಫೋನು ಸಿಕ್ಕಾಗ ಮಾತ್ರ ಬರುತ್ತಿದ್ದಳು. ಅಣ್ಣನ ನಂಬರನ್ನು ಕೊಟ್ಟಿರಲಿಲ್ಲ.

‘ಕೊನೇ ಸಲ ಆಯಮ್ಮ ಒಂದು ಮಾತು ಕೇಳಿದ್ದಳು ಸಾರ್. ಬೇರೆ ಕಡೇರು ನನ್ನ ನೋಡಾಕೆ ಬರ್ತಾರೆ, ಅದಕ್ಕೆ ಮುಂಚೆ ನಿಮ್ಮನೆಯೋರು ಬರ್ತೀರಾ ಅಂತ. ಇವನು ಬರ್ತೀವಿ ಅಂತ ಒತ್ತಿದಾನೆ. ಆ ಉತ್ತರ ಹೋಗ್ಲೇ ಇಲ್ಲ. ನಾಲ್ಕು ದಿನ ಒತ್ತಿ ಒತ್ತಿ ನಿಮ್ಮತ್ರ ತಂದ. ನೀವು ಫೋನಲ್ಲಿರೋದನ್ನೆಲ್ಲ ಅಳಿಸಿ ಕೊಟ್ರಿ. ಚಾಟೂ ಹೋತು, ಅದರ ಪಾಸ್‌ವರ್ಡೂ ಹೋತು. ಆ ಬೇರೆ ಕಡೇರು ಬರೋದು ನಾಡಿದ್ದು ಸೋಮವಾರ.’

ಓಬಳೇಶ ನನ್ನ ಮುಖವನ್ನೇ ನೋಡುತ್ತಿದ್ದರು. ಅಕ್ಕ ಏನು ಹೇಳಿದರೆಂಬುದು ನನ್ನ ಮುಖದ ಮೇಲೆ ಅವರಿಗೆ ಕಾಣುತ್ತಿದ್ದಿರಬೇಕು. ‘ಮಾತಾಡುವುದಕ್ಕೆ ಮಾತ್ರ’ ಎಂಬ ನನ್ನ ವಾಕ್ಯ ನೆನಪಾಯಿತು. ಆ ಊರಿಗೆ ಹೋಗಿ ಟವರಿನಿಂದ ನೂರು ಹೆಜ್ಜೆ ನಡೆದಿದ್ದರೆ ಅವರ ಅಂಗಡಿ ಸಿಗುತ್ತಿತ್ತು.

ಅವರನ್ನು ಕೂರಿಸಿ, ಒಳಗೆ ಹೋಗಿ ಮೇಡಂಗೆ ಫೋನು ಮಾಡಿದೆ. ತಪ್ಪು ಒಪ್ಪಿಕೊಳ್ಳುವ ಶೌರ್ಯವೆಂದು ತಿಳಿಯಬೇಡಿ. ಹೊರಗೆ ಹೋಗಿ ಶಾರದಮ್ಮನ ಮುಂದೆ ನಿಲ್ಲುವುದಕ್ಕಿಂತ ಇದು ಸುಲಭ ಅನ್ನಿಸಿತ್ತು. ಎಲ್ಲ ಹೇಳಿದೆ: ಹೋಟೆಲು, ಬಜ್ಜಿ, ಹದಿನಾಲ್ಕು ಊರು. ಆ ಕಡೆ ಪೆನ್ನು ಕುಟ್ಟುವ ಸದ್ದು ಫೋನಿನಲ್ಲೂ ಕೇಳಿಸಿತು.

‘ಫಾರಂ ಮೇಲೆ ಎಣ್ಣೆ ಕಲೆ ಇತ್ತು’ ಎಂದರು. ‘ಜೀಪಿನ ಎಣ್ಣೆ ಇರಬೇಕು, ಪಾಪ ಬಿಸಿಲಲ್ಲಿ ಸುತ್ತಿದ್ದಾರೆ ಅಂದುಕೊಂಡೆ.’

ಕೆಲಸ ಹೋಯಿತೆಂದೇ ತಿಳಿದೆ. ಪೆನ್ನು ಮತ್ತೆ ಕುಟ್ಟಿತು.

‘ಡೇಟಾ ಇನ್ನರ್ಧ ಗಂಟೆಯಲ್ಲಿ ವಾಪಸು ಬರುತ್ತೆ, ಹದಿನಾಲ್ಕೂ ಕಡೆ. ನಿಮ್ಮ ವಿಚಾರ ಸೋಮವಾರ ಮಾತಾಡೋಣ. ನಾಳೆ ಜೀಪು ತೆಗೆದುಕೊಂಡು ಮಾಡದಕೆರೆಗೆ ಹೋಗಿ. ಆ ಮನೆಯವರಿಗೆ ತಪ್ಪು ಯಾರದ್ದು ಅಂತ ನೀವೇ ಹೇಳಬೇಕು. ಇದನ್ನು ಟವರ್ ಮೇಲೆ ಹತ್ತಿ ಸರಿಮಾಡೋಕಾಗಲ್ಲ ತಿಪ್ಪೇಸ್ವಾಮಿ.’

ಹೊರಗೆ ಬಂದು ಶಾರದಮ್ಮನಿಗೆ ಹೇಳಿದೆ. ‘ಅವರಪ್ಪ ಕರೀದೆ ಹೆಂಗೆ ಹೋಗೋದು ಸಾರ್?’ ಎಂದು ಅವರು ಹಿಂಜರಿದರು. ಅಕ್ಕ ತಮ್ಮ ಕೈಯಲ್ಲೇ ಏನೇನೋ ಮಾತಾಡಿಕೊಂಡರು. ಕೊನೆಗೆ ಶಾರದಮ್ಮ, ‘ಹೋಗಾಣ ಅಂತಾನೆ’ ಎಂದರು.

ಭಾನುವಾರ ಮೂವರೂ ಹೊರಟೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಭಾಷಣ ಕಟ್ಟಿದೆ. ‘ತಾಂತ್ರಿಕ ಕಾರಣಗಳಿಂದ’ ಎಂದು ಶುರುವಾಗುವ ಒಳ್ಳೆಯ ಭಾಷಣ.

ಮಾಡದಕೆರೆಯಲ್ಲಿ ಮನೆ ಸಿಗುವುದು ಕಷ್ಟವಾಗಲಿಲ್ಲ. ನಾಗವೇಣಿಯ ತಂದೆ ಸಿದ್ದಪ್ಪನವರು ಕಂಪನಿಯ ಜೀಪು ನೋಡಿದ್ದೇ ಅಂಗಳಕ್ಕೆ ಇಳಿದು ಬಂದರು.

‘ಬರ್ರಿ ಸಾರ್, ಬರ್ರಿ, ಕುಂತ್ಕಳ್ರಿ. ಟವರ್ ಹಾಕಾಕೆ ಜಾಗ ನೋಡಾಕೆ ಬಂದ್ರಾ? ನಮ್ಮ ಹೊಲ ದಿಬ್ಬದ ಮೇಲೇ ಐತೆ. ತೋರಿಸ್ತೀನಿ ನಡೀರಿ.’

‘ಅಲ್ಲ, ನಾವು ಬಂದದ್ದು...’

‘ಟೀ ಆಮೇಲೆ ಕುಡಿಯಾಣ. ಬಿಸಿಲು ಏರೋದ್ರೊಳಗೆ ನೋಡ್ಕಂಡು ಬರಾಣ ನಡೀರಿ.’

ಇಪ್ಪತ್ತು ವರ್ಷ ಮಾಳಿಗೆ, ಟವರು ಹತ್ತಿದವನು ಆ ದಿಬ್ಬಕ್ಕೆ ಅವರ ಹಿಂದೆ ಏದುಸಿರು ಬಿಡುತ್ತಾ ಹತ್ತಿದೆ. ಜಾಗ ಚೆನ್ನಾಗಿಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ, ಆ ಮಾತಿನಿಂದ ಅವರ ಉತ್ಸಾಹ ಇನ್ನೂ ಹೆಚ್ಚಿತು. ಕೊನೆಗೆ ದಿಬ್ಬದ ನೆತ್ತಿಯ ಮೇಲೆ ನಿಂತು, ಭಾಷಣ ಮರೆತುಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸಿದ್ದಪ್ಪನವರ ಮುಖ ಬಿಗಿಯಿತು. ದಿಬ್ಬದಿಂದ ದಡದಡ ಇಳಿದು ಬಂದರು. ಅಂಗಳದಲ್ಲಿ ನಾಗವೇಣಿ ಮತ್ತು ಓಬಳೇಶ ಎದುರೆದುರು ನಿಂತಿದ್ದರು, ಮೊದಲ ಸಲ ಒಬ್ಬರನ್ನೊಬ್ಬರು ನೋಡಿದವರು. ಇಬ್ಬರ ಕೈಗಳೂ ಎಷ್ಟು ಬೇಗ ಆಡುತ್ತಿದ್ದವೆಂದರೆ ಮೂರು ವಾರದ ಬಾಕಿಯನ್ನು ಒಂದೇ ಸಲಕ್ಕೆ ತೀರಿಸುತ್ತಿರುವಂತಿತ್ತು. ತಂದೆಯನ್ನು ಕಂಡು ಕೈಗಳು ನಿಂತವು.

‘ಇದೇನು ರೀತಿ?’ ಎಂದರು ಸಿದ್ದಪ್ಪ. ‘ನಾಳೆ ಆ ಕಡೇರು ಬರ್ತಾರೆ. ನಾನು ಮಾತು ಕೊಟ್ಟೀನಿ. ನೀವು ಇವತ್ತು ಕಂಪನಿಯೋರನ್ನ ಕರ್ಕಂಡು ಬಂದು ನಿಂತ್ರೆ ಹೆಂಗೆ?’

‘ತಪ್ಪು ಇವರದಲ್ಲ, ನನ್ನದು’ ಎಂದೆ. ‘ಜನರನ್ನ ಕೇಳದೇನೇ ಅವರಿಗೆ ಬೇಡ ಅಂತ ಬರೆದುಬಿಟ್ಟೆ.’

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ಕಾದೆ. ಅವರು ಮಗಳ ಕಡೆ ನೋಡಿದರು. ಆಮೇಲೆ ಜಗಲಿಯ ಮೇಲೆ ಕೂತು, ಮೆಲ್ಲಗೆ, ‘ನಾನೂ ಕೇಳಿಲ್ಲ ಬಿಡ್ರಿ’ ಎಂದರು. ‘ನಾಳೆ ಬರೋರ ಬಗ್ಗೆ ಇವಳನ್ನ ನಾನೂ ಕೇಳಿಲ್ಲ. ಕೇಳಾದು ಹೆಂಗೆ ಅಂತಾನೇ ಗೊತ್ತಿಲ್ಲ ನನಗೆ. ಅವಳವ್ವ ಇದ್ದಾಗ ಅವಳೇ ಕೇಳ್ತಿದ್ದಳು.’ ಮಗಳಿಗೆ ಕೈಸನ್ನೆ ಮಾಡಿ ಓಬಳೇಶನನ್ನು ತೋರಿಸಿ, ಏನು ಎಂಬಂತೆ ಅಂಗೈ ತಿರುಗಿಸಿದರು.

ಆಕೆ ಒಳಗೆ ಹೋಗಿ ಅಣ್ಣನ ಫೋನು ತಂದು ಟೈಪು ಮಾಡಿದಳು. ಬಹಳ ಹೊತ್ತು ಮಾಡಿದಳು. ಅಣ್ಣ ಫೋನನ್ನು ಚಾರ್ಜಿಗಿಟ್ಟು ಹೊರಗೆ ಹೋಗಿದ್ದ. ಸಿದ್ದಪ್ಪನವರಿಗೆ ಓದು ಬಾರದು. ಆಗ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದರಾದ್ದರಿಂದ ಶಾರದಮ್ಮನಿಗೂ ಓದಲಾಗಲಿಲ್ಲ. ಫೋನು ನನ್ನ ಕೈಗೆ ಬಂತು. ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದೆ.

‘ಅಪ್ಪ, ನನಗೆ ಇವರು ಬೇಡ.’

ಶಾರದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಕ್ಕನ ಮುಖ ನೋಡಿದ ಓಬಳೇಶ ಪೆಚ್ಚಾದರು. ನಾಗವೇಣಿ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು, ನನ್ನ ಕೈಯಿಂದ ಫೋನು ಕಸಿದುಕೊಂಡು ನೋಡಿದಳು, ಹಣೆ ಚಚ್ಚಿಕೊಂಡಳು. ಕೆಳಮುಖದ ಗುಂಡಿಯನ್ನು ಒತ್ತಿ ಮತ್ತೆ ನನ್ನ ಮೂಗಿಗೇ ಹಿಡಿದಳು. ಸಣ್ಣ ಪರದೆ, ಮಾತು ಅಲ್ಲಿಗೆ ಮುಗಿದಿರಲಿಲ್ಲ. ಮೊಬೈಲ್ ಕಂಪನಿಯಲ್ಲಿ ಅಷ್ಟು ವರ್ಷ ದುಡಿದವನಿಗೆ ಪರದೆಯನ್ನು ಕೆಳಗೆ ಸರಿಸಬೇಕೆಂದು ಹೊಳೆದಿರಲಿಲ್ಲ.

‘...ಅಂತ ನಾನು ಯಾವತ್ತೂ ಹೇಳಲ್ಲ’ ಎಂದು ಓದಿದೆ. ‘ನಾಳೆ ಬರೋರ ಹತ್ರ ನನ್ನ ಮಾತು ನಾನು ಹೇಳೋಕಾಗಲ್ಲ. ಇವರ ಹತ್ರ ಆಗುತ್ತೆ.’

ಸಿದ್ದಪ್ಪನವರು, ‘ಇನ್ನೊಂದ್ಸಲ ಓದ್ರಿ’ ಎಂದರು. ಓದಿದೆ. ‘ಪೂರ್ತಿ ಓದಿದ್ರಾ? ಕೆಳಗೆ ಇನ್ನೇನಾರ ಐತಾ?’ ಎಂದರು. ಗುಂಡಿ ಒತ್ತಿ ಒತ್ತಿ ನೋಡಿ, ಇಲ್ಲವೆಂದೆ. ಅವರು ಎದ್ದು ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡರು. ‘ನಿಮ್ಮ ಜೀಪಲ್ಲಿ ನನ್ನ ಹೊಸದುರ್ಗಕ್ಕೆ ಬಿಡ್ರಿ. ಆ ಕಡೇರಿಗೆ ಮುಖ ಕೊಟ್ಟು ಹೇಳಿ ಬರ್ತೀನಿ. ಫೋನಲ್ಲಿ ಹೇಳಾದಲ್ಲ ಇದು.’

ಸೋಮವಾರ ವಸುಂಧರಾ ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹದಿನಾಲ್ಕು ಖಾಲಿ ಫಾರಂ ಕೊಟ್ಟರು. ಆ ಬಿಸಿಲಲ್ಲಿ ಹದಿನಾಲ್ಕೂ ಊರು ನಡೆದು, ಮನೆ ಮನೆ ಕೇಳಿದೆ. ಪರೀಕ್ಷೆಯ ಫಲಿತಾಂಶ ನೋಡುವವರು, ಪೇಟೆಯ ಈರುಳ್ಳಿ ಧಾರಣೆ ನೋಡುವವರು, ದೂರದಲ್ಲಿರುವ ಗಂಡನಿಗೆ ಕೂಸಿನ ಫೋಟೊ ಕಳಿಸುವವರು ಒಂದೊಂದು ಊರಲ್ಲೂ ಸಿಕ್ಕರು. ಆ ಸಂಖ್ಯೆ ಮುಂದಿನ ವರ್ಷಗಳಲ್ಲಿ ಹೇಗೆ ಏರಿತೆಂಬುದು ಈಗ ಓದುತ್ತಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಇಷ್ಟೇ: ಕೋಣೆಯಲ್ಲಿ ಕೂತರೆ ಕಂಪ್ಯೂಟರಿನಲ್ಲಿ ಬಳಕೆಯ ಗೆರೆ ಕಾಣುತ್ತದೆ, ಬಳಸುವವರು ಕಾಣುವುದಿಲ್ಲ.

ಮದುವೆ ಮೂರು ತಿಂಗಳ ಮೇಲೆ ಜವನಗೊಂಡನಹಳ್ಳಿಯಲ್ಲೇ ಆಯಿತು. ನನ್ನನ್ನೂ ಕರೆದಿದ್ದರು. ಚಪ್ಪರದ ತುಂಬ ಓಬಳೇಶ, ನಾಗವೇಣಿಯರ ಗೆಳೆಯರು. ಓಲಗದ ಸದ್ದಿನಲ್ಲಿ ನಮ್ಮಂಥವರು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಅರಚುತ್ತಿದ್ದರೆ, ಅವರು ಚಪ್ಪರದ ಆ ತುದಿಯಿಂದ ಈ ತುದಿಗೆ ಆರಾಮವಾಗಿ ಕೈಯಲ್ಲೇ ಮಾತಾಡಿ ನಗುತ್ತಿದ್ದರು. ಬರಲಾಗದ ಗೆಳೆಯರಿಗೆ ಫೋನಿನಲ್ಲಿ ಮದುವೆಯ ಸುದ್ದಿ, ಫೋಟೊ ಹೋಗುತ್ತಲೇ ಇತ್ತು. ಊಟಕ್ಕೆ ಕೂತಾಗ ಕಚೇರಿಯಿಂದ ಮೇಡಂ ಕರೆ ಮಾಡಿದರು. ‘ಜವನಗೊಂಡನಹಳ್ಳಿಯಲ್ಲಿ ಡೇಟಾ ಇದ್ದಕ್ಕಿದ್ದಂತೆ ತುಂಬಿಹೋಗಿದೆ. ಏನೋ ಕೆಟ್ಟಿರಬೇಕು, ಹೋಗಿ ನೋಡಿ.’

‘ನೋಡ್ತಾನೇ ಇದೀನಿ ಮೇಡಂ’ ಎಂದೆ. ‘ಏನೂ ಕೆಟ್ಟಿಲ್ಲ.’

ಕೈತೊಳೆದು ಬರುವಾಗ ಸಿದ್ದಪ್ಪನವರು ಎದುರಾದರು. ನನ್ನ ಮುಂದೆ ನಿಂತು, ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ಆಮೇಲೆ ಎರಡೂ ಅಂಗೈಗಳನ್ನು ತಿರುಗಿಸಿ ಹುಬ್ಬೇರಿಸಿದರು. ನಾನು ಏನೂ ಅರ್ಥವಾಗದೆ ಪಿಳಿಪಿಳಿ ನೋಡಿದೆ.

‘ಊಟ ಆತಾ ಅಂದೆ ಕಣ್ರೀ’ ಎಂದು ನಕ್ಕರು. ‘ಮಗಳು ಕಲಿಸ್ತಾ ಅವಳೆ. ಇನ್ನೂ ಇಷ್ಟೇ ಬರೋದು.’